ನಮ್ಮಪ್ಪನ ಡಕೋಟ



ಇಲ್ಲಿ ಎಂಟನೇ ಕ್ಲಾಸಿಗೆ ಸೇರಿದ ವಾರದಲ್ಲೇ ನನಗೊಂದು ಅಡ್ಡಹೆಸರು ಬಿತ್ತು. ಡಕೋಟ. ಕಾರಣ ನಮ್ಮಪ್ಪನ ಸೈಕಲ್ಲು. ಚೈನು ಕವರಿಗೆ ತಾಗಿ ಲಟಲಟ, ಸೀಟಿನ ಸ್ಪ್ರಿಂಗು ಕಿರ್ ಕಿರ್. ನಾವು ಕೆರೆ ಏರಿ ಮೇಲೆ ಬರುವಾಗಲೇ ಗೇಟಿನ ಹತ್ತಿರ ನಿಂತವರಿಗೆ ಗೊತ್ತಾಗುತ್ತಿತ್ತು. ನಾಚಿಕೆಯಾಗಿ ನಾನು ಆಲದ ಮರದ ಹತ್ತಿರವೇ ಇಳಿದುಬಿಡುತ್ತಿದ್ದೆ. ಯಾಕೆಂದು ಅಪ್ಪ ಕೇಳಲಿಲ್ಲ.

ಒಂದು ದಿನ ಕನ್ನಡ ಮೇಷ್ಟ್ರು ಪಾಠ ಪಕ್ಕಕ್ಕಿಟ್ಟು ಈ ಪದವನ್ನೇ ಹಿಡಿದುಕೊಂಡರು. "ಡಕೋಟ ಅಂದ್ರೆ ವಿಮಾನ ಕಣ್ರೋ" ಅಂದರು. ನಾವು ನಕ್ಕೆವು. ಅಮೆರಿಕದ ಡಗ್ಲಾಸ್ ಕಂಪನಿಯ ಡಿಸಿ-3 ವಿಮಾನ ಮೊದಲು ಹಾರಿದ್ದು 1935ರಲ್ಲಿ. ಅದರ ಸೇನಾ ರೂಪಕ್ಕೆ ಬ್ರಿಟಿಷರು ಡಕೋಟ ಎಂದು ಹೆಸರಿಟ್ಟರು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನೂ ಸಾಮಾನನ್ನೂ ಹೊತ್ತದ್ದು ಅದು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ್ದೂ ಅದೇ. ಯುದ್ಧದ ನಂತರ ಮಿಕ್ಕ ವಿಮಾನಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಿಪೇರಿ ಮಾಡಿ ಮತ್ತೆ ಹಾರಿಸಿದರು. ಹೊಸ ವಿಮಾನಗಳು ಬಂದ ಮೇಲೂ ಈ ಹಳೆಯವು ಗಡಗಡ ಎನ್ನುತ್ತ ಹಾರುತ್ತಲೇ ಇದ್ದವು. ಆ ಹೆಸರೇ ಬಸ್ಸು, ಲಾರಿ, ಕೊನೆಗೆ ಸೈಕಲ್ಲಿಗೂ ಇಳಿಯಿತು ಎಂದರು ಮೇಷ್ಟ್ರು.

ಲಡಾಸು, ಲಟಾರಿ ಎಂಬ ಮಾತುಗಳೂ ನಮ್ಮಲ್ಲಿವೆ. ಲಡಾಸು ಕುರ್ಚಿಗೂ ಛತ್ರಿಗೂ ಸಲ್ಲುತ್ತದೆ. ಆದರೆ ನಮ್ಮೂರಿನ ಬಾಯಲ್ಲಿ ಡಕೋಟ ಎಂದರೆ ಓಡುವಂಥದ್ದು. (ಈಗಿನ ಹುಡುಗರು ಮೊಬೈಲಿಗೂ ಹೇಳುತ್ತಾರೆ, ಹೇಳಲಿ.) "ಡಕೋಟ ಬಂತು, ಹತ್ರೋ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೂಗಿದ್ದನ್ನು ನೀವೆಲ್ಲ ಕೇಳಿದ್ದೀರಿ. ಬೈಯುತ್ತಲೇ ಹತ್ತುತ್ತೇವೆ, ಊರು ಮುಟ್ಟುತ್ತೇವೆ. ಓಡದೆ ನಿಂತುಬಿಟ್ಟರೆ ಅದು ಡಕೋಟ ಅಲ್ಲ, ಗುಜರಿ.

ಆ ಸಂಜೆ ವಿಮಾನದ ಕತೆಯನ್ನು ಅಪ್ಪನಿಗೆ ಹೇಳಿದೆ. ಬೀಡಿ ಹಚ್ಚುತ್ತಿದ್ದವರು ಸೈಕಲ್ಲಿನ ಕಡೆ ನೋಡಿ, "ಹಂಗಾರೆ ಎಣ್ಣೆ ಬಿಡೋದು ಬ್ಯಾಡ ಬಿಡು" ಅಂದರು. ಮಾರನೆಯ ದಿನ ನಾನು ಆಲದ ಮರದ ಹತ್ತಿರ ಇಳಿಯಲಿಲ್ಲ. ಗೇಟಿನವರೆಗೂ ಹೋದೆ. ಹುಡುಗರು ಕೂಗಿದರು, ಕೂಗಲಿ ಎಂದುಕೊಂಡೆ.

ಅಪ್ಪ ಈಗಿಲ್ಲ. ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿದೆ. ಗುಜರಿಯವನು ಎರಡು ಸಲ ಬಂದು ಕೇಳಿದ. ಅದಿನ್ನೂ ಡಕೋಟ ಕಣಯ್ಯ ಎಂದು ಹೇಳಿ ಕಳಿಸಿದೆ.