ತಿದ್ದು ಎಂಬ ನುಡಿಯ ಅರ್ಥ



ಬದಲಾವಣೆಯನ್ನು ಸೂಚಿಸುವ ನುಡಿಗಳು ಕನ್ನಡದಲ್ಲಿ ಹಲವುಂಟು. ಅವುಗಳಲ್ಲಿ ‘ತಿದ್ದು’ ಎಂಬುದು ಅಚ್ಚಗನ್ನಡ ಧಾತುವು. ಇದರ ಹಳಗನ್ನಡ ರೂಪವು ‘ತಿರ್ದು’. ‘ಇರ್ದು’ ಎಂಬುದು ‘ಇದ್ದು’ ಆದಂತೆ ಇಲ್ಲಿಯೂ ರೇಫವು ಲೋಪವಾಗಿ ದಕಾರವು ದ್ವಿತ್ವ ಹೊಂದಿತು. ತಮಿಳಿನ ‘ತಿರುತ್ತು’, ತೆಲುಗಿನ ‘ದಿದ್ದು’ ಇದರ ಒಡಹುಟ್ಟುಗಳು. ಒಂದನ್ನು ಅಳಿಸಿ ಮತ್ತೊಂದನ್ನಿಡುವುದು ಇದರ ಅರ್ಥವಲ್ಲ. ಇದ್ದುದರ ಡೊಂಕನ್ನು ನೇರಗೊಳಿಸುವುದೇ ಅರ್ಥವು.

ಓದಲು ಕುಳಿತ ಕೂಸು ಗುರುವು ಬರೆದುಕೊಟ್ಟ ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸುವುದಕ್ಕೂ ‘ತಿದ್ದುವುದು’ ಎಂದೇ ಹೆಸರು. ಅಲ್ಲಿ ಅಕ್ಷರವು ಮೊದಲೇ ಸರಿಯಾಗಿರುವುದು. ನೇರವಾಗುವುದು ಕೂಸಿನ ಕೈ.

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲೂಕಿನಲ್ಲಿ ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮದ ದೇವನನ್ನು ಅಂಕಿತದಲ್ಲಿರಿಸಿದ ಬಸವಣ್ಣನವರು 12ನೆಯ ಶತಮಾನದಲ್ಲಿ ಈ ನುಡಿಯನ್ನೇ ವಚನಕ್ಕೆ ತಂದರು. ಲೋಕವನ್ನು ತಿದ್ದಹೊರಟವರನ್ನು ಮೊದಲು ತಮ್ಮ ತನುಮನಗಳತ್ತ ತಿರುಗಿಸಿದರು. ಹಾಗೆಂದು ಅವರು ಲೋಕವನ್ನು ಅದರ ಪಾಡಿಗೆ ಬಿಟ್ಟವರಲ್ಲ. ಕುಲಭೇದದ ಡೊಂಕನ್ನು ತಮ್ಮ ನಡೆಯಿಂದಲೇ ತಿದ್ದಿದರು.

ನೆರೆಯವರ ತಪ್ಪನ್ನು ಎಣಿಸುವ ನಾಲಿಗೆಯು ಯಾರನ್ನೂ ತಿದ್ದಲಾರದು. ಗುರುವಿತ್ತ ಅಕ್ಷರದ ಮೇಲೆ ದಿನವೂ ಕೈಯಾಡಿಸುವವನೇ ತಾನೂ ತಿದ್ದುವನು, ಕಂಡವರನ್ನೂ ತಿದ್ದುವನು.