ಚಿತ್ರವಿದ್ಯಾರ್ಥಿಯ ಬಯಕೆ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಚಿತ್ರ ಬರೆದು ಹೊಟ್ಟೆ ಹೊರೆಯಲಾದೀತೇ ಎಂದು ಮನೆಯ ಹಿರಿಯರು ನನ್ನನ್ನು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ನಾನು ಇಬ್ಬರ ಜೀವಿತದಲ್ಲಿ ಅರಸಿದ್ದೇನೆ.

1886ರಲ್ಲಿ ಜನಿಸಿದ ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಉದಕಮಂಡಲದ ಬೆಟ್ಟಗಳನ್ನು ಜಲವರ್ಣದಲ್ಲಿ ಮೂಡಿಸಿದರು. 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರಾಗಿಯೂ ದುಡಿದರು; ಪ್ಯಾರಿಸ್ಸಿನಲ್ಲಿ ಅಭ್ಯಾಸಮಾಡಿ ಬಂದರೂ ಹುಟ್ಟುನಾಡಿನ ಯಕ್ಷಗಾನವನ್ನು ಮರೆಯಲಿಲ್ಲ. ಇಬ್ಬರೂ ವಿದ್ಯೆಗಾಗಿ ಮನೆ ಬಿಟ್ಟು ದೂರ ಹೋದವರು. ಇಬ್ಬರೂ ಕಲೆಯನ್ನು ಕೈಬಿಡದವರು.

ನಾನು ಹೆಬ್ಬಾರರ ದಾರಿಯನ್ನು ಹಿಡಿಯಬಯಸುತ್ತೇನೆ. ಹಗಲು ಮಕ್ಕಳಿಗೆ ಚಿತ್ರ ಕಲಿಸಿ ಅನ್ನವನ್ನು ಗಳಿಸುವೆನು. ಉಳಿದ ಹೊತ್ತನ್ನು ನನ್ನ ಕುಂಚಕ್ಕೆ ಕೊಡುವೆನು. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಮೇಲೆ ಹಳೆಯ ವರ್ಣಚಿತ್ರಗಳು ಮಾಸಿಯೂ ಉಳಿದಿವೆ. ಶಾಸನವನ್ನು ಓದಲು ನಾವು ಅಕ್ಷರ ಕಲಿಸುತ್ತೇವೆ. ಆ ಬಣ್ಣವನ್ನು ಓದಲು ಕಣ್ಣಿಗೆ ಕಲಿಸುವವರು ಬೇಡವೇ?

ಹಿರಿಯರೇ, ನಾನು ಹಣವನ್ನು ಬೇಡುವುದಿಲ್ಲ. ಐದು ವರ್ಷಗಳ ಅವಕಾಶವನ್ನೂ ತಮ್ಮ ಆಶೀರ್ವಾದವನ್ನೂ ದಯಪಾಲಿಸಬೇಕು. ಆಮೇಲೆ ನನ್ನ ಕೆಲಸವನ್ನು ನೋಡಿ ತೀರ್ಪು ಹೇಳಿರಿ.