ವೈದ್ಯರು ಮುಖಾಮುಖಿ ಸೇರುವ ಸಮ್ಮೇಳನ

ಹಳ್ಳಿ, ತಾಲ್ಲೂಕುಗಳಲ್ಲಿ ದುಡಿಯುವ ವೈದ್ಯರಿಗೆ ಸಮ್ಮೇಳನದಿಂದ ಸಿಗುವ ದೊಡ್ಡ ಲಾಭವೆಂದರೆ ಸಂಶಯ ಕೇಳಲು ಜನ ಸಿಗುವುದು. ದೊಡ್ಡ ಆಸ್ಪತ್ರೆಯಲ್ಲಿ ಪಕ್ಕದ ಕೋಣೆಯಲ್ಲೇ ತಜ್ಞರಿರುತ್ತಾರೆ. ಉಡುಪಿ ಜಿಲ್ಲೆಯ ಶಿರೂರು, ಕೊಲ್ಲೂರು, ಸಿದ್ದಾಪುರದ ಕಡೆ ಎಷ್ಟೋ ತೀರ್ಮಾನಗಳನ್ನು ವೈದ್ಯರು ಒಬ್ಬರೇ ಕೈಗೊಳ್ಳಬೇಕು. ಬ್ರಹ್ಮಾವರದಲ್ಲಿ ಇಂದು ಆರಂಭವಾಗುತ್ತಿರುವ ವೈದ್ಯರ ಸಮ್ಮೇಳನ ಮತ್ತು ವೈದ್ಯಕೀಯ ಉಪಕರಣ ಪ್ರದರ್ಶನ ಮುಖ್ಯವಾಗುವುದು ಅದಕ್ಕೇ.

ಹಾವು ಕಡಿತವನ್ನೇ ನೋಡಬಹುದು. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಾದದ್ದು. ಪಶ್ಚಿಮಘಟ್ಟದ ತಪ್ಪಲಿನ ತೋಟಗಳಲ್ಲಿ ಮೂತಿ ಮೇಲಕ್ಕೆ ಎದ್ದಿರುವ ಸಣ್ಣ ಮಂಡಲದ ಹಾವೊಂದಿದೆ. ಅದರ ವಿಷಕ್ಕೆ ಈ ಔಷಧ ನಾಟುವುದಿಲ್ಲ. ಅದು ಕಚ್ಚಿದವರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡವೂ ಕೆಡುತ್ತದೆ. ತಿಳಿಯದೆ ಪ್ರತಿವಿಷವನ್ನು ಮತ್ತೆ ಮತ್ತೆ ಏರಿಸಿದರೆ ಫಲ ಸಿಗದು, ಅಲರ್ಜಿಯ ಅಪಾಯ ಮಾತ್ರ ಹೆಚ್ಚುತ್ತದೆ. ಮೂತ್ರಪಿಂಡ ಸೋತವರಿಗೆ ಬೇಕಾದದ್ದು ಸಕಾಲದ ಡಯಾಲಿಸಿಸ್. ಇಂಥ ರೋಗಿಯನ್ನು ಕಂಡ ವೈದ್ಯರು ಗಾಯದ ಫೋಟೋ, ರಕ್ತಪರೀಕ್ಷೆಯ ವರದಿಗಳನ್ನು ಮುಂದಿಟ್ಟು ವಿವರಿಸುವಾಗ, ಬಾವು ಎಲ್ಲಿವರೆಗೆ ಏರಿತ್ತು, ಮೂತ್ರ ಯಾವ ಹೊತ್ತಿಗೆ ಕಡಿಮೆಯಾಯಿತು ಎಂದು ಎದುರಿಗಿದ್ದವರು ಅಲ್ಲೇ ಕೇಳಬಹುದು. ಕರಾವಳಿಯ ವೈದ್ಯರಿಗೆ ಇಂಥ ಒಂದು ಗಂಟೆಯ ಚರ್ಚೆ ಎಷ್ಟೋ ಉಪನ್ಯಾಸಗಳಿಗಿಂತ ಮೇಲು.

ಕೈಯ ವಿದ್ಯೆಯಂತೂ ಕೈಯಿಂದಲೇ ಬರಬೇಕು. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕೆಂದು ಓದಿ ಬಲ್ಲವರಿಗೂ, ಎರಡು ನಿಮಿಷದೊಳಗೆ ತೋಳು ಸೋತು ಒತ್ತು ಸಡಿಲಾಗುವುದು ತರಬೇತಿಯ ಗೊಂಬೆಯ ಮೇಲೆ ಒತ್ತಿದಾಗಲೇ ಗೊತ್ತಾಗುವುದು. ಬಗ್ಗಿದ ಮೊಣಕೈಯನ್ನು ನೇರ ಮಾಡಿಸಲು ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಯಾವ ಸಂಶಯವನ್ನು ಯಾರ ಬಳಿಗೆ ಒಯ್ಯಬೇಕೆಂಬುದೂ ವೈದ್ಯರಿಗೆ ತಿಳಿದಿರಬೇಕು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ವೈದ್ಯರು ಒಂದೇ ಮನೆಯವರಲ್ಲಿ ಕಂಡ ಜ್ವರದ ಬಗ್ಗೆ ಅನುಮಾನಪಟ್ಟು, ಮಾದರಿಗಳನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ನಿಪಾ ಎಂದು ಅಲ್ಲಿ ಗೊತ್ತಾಯಿತು, ಪುಣೆಯ ರಾಷ್ಟ್ರೀಯ ವೈರಾಲಜಿ ಸಂಸ್ಥೆ ಅದನ್ನು ದೃಢಪಡಿಸಿತು. ಮಣಿಪಾಲದ ಆ ಪ್ರಯೋಗಾಲಯ ಬ್ರಹ್ಮಾವರಕ್ಕೆ ಹತ್ತಿರದಲ್ಲೇ ಇದೆ. ಅಲ್ಲಿನವರೂ ಇಲ್ಲಿನವರೂ ಒಂದೇ ಸಭೆಯಲ್ಲಿ ಕುಳಿತು, ಊಟದ ಹೊತ್ತಿಗೆ ಹೆಸರು ಹಿಡಿದು ಮಾತಾಡುವಷ್ಟು ಪರಿಚಯವಾದರೆ, ಮಳೆಗಾಲದ ನಡುರಾತ್ರಿಯಲ್ಲಿ ಫೋನ್ ಮಾಡಲು ಸಂಕೋಚವಿರುವುದಿಲ್ಲ.

ಕೋವಿಡ್ ಕಾಲದಲ್ಲಿ ಸಭೆಗಳು ಆನ್‌ಲೈನಿಗೆ ಹೋದವು. ಉಪನ್ಯಾಸ ಕೇಳಲು ಅದು ಸಾಕು, ಖರ್ಚೂ ಕಡಿಮೆ. ಈ ಬಗೆಯ ಒಡನಾಟ ಮಾತ್ರ ಅದರಲ್ಲಿ ಕೂಡಿಬರದು.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ವೈದ್ಯರು 5 ವರ್ಷಕ್ಕೆ 30 ಗಂಟೆ ಸಮ್ಮೇಳನದಂಥ ಕಲಿಕೆಯಲ್ಲಿ ಪಾಲ್ಗೊಳ್ಳಬೇಕೆಂದು ಹೇಳುತ್ತದೆ. ಸಹಿ ಹಾಕಿ ಹೊರಟರೆ ಗಂಟೆಯ ಲೆಕ್ಕವೇನೋ ತುಂಬುತ್ತದೆ, ರೋಗಿಗೆ ಅದರಿಂದ ಪ್ರಯೋಜನವಿಲ್ಲ. ಔಷಧ ಕಂಪನಿಗಳ ಖರ್ಚಿನಲ್ಲಿ ಪ್ರಯಾಣ, ಆತಿಥ್ಯ ಪಡೆಯುವುದನ್ನು 2009ರ ತಿದ್ದುಪಡಿ ನಿಷೇಧಿಸಿದೆ. ಹಾಗಾಗಿ ಬೈಂದೂರು, ಕುಂದಾಪುರದಿಂದ ಬೆಳಿಗ್ಗೆ ಹೊರಟು ಸಂಜೆ ಕ್ಲಿನಿಕ್ ತೆರೆಯಲು ಮರಳಬಹುದಾದ ಬ್ರಹ್ಮಾವರದಂಥ ಕಡೆಯೇ ಸಮ್ಮೇಳನ ನಡೆಯುವುದು ಸರಿ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ತಮ್ಮನ್ನು ಕಾಡಿದ ಒಂದೊಂದು ಪ್ರಕರಣವನ್ನಾದರೂ ಈ ವೇದಿಕೆಯಲ್ಲಿ ಮಂಡಿಸಬೇಕು. ಸಂಘಟಕರು ಅದಕ್ಕೆ ಸಮಯ ಮೀಸಲಿಡಬೇಕು.